ನಡುಗಡ್ಡೆಯ ವಿದ್ಯುತ್ತೂ ಅದನ್ನು ನಡೆಯಿಸಿದವರೂ

ಕೃಷ್ಣಾ ನದಿಯು ದಕ್ಷಿಣಾಪಥದ ಎತ್ತರದ ನೆಲವನ್ನು ಬಿಟ್ಟು ಸುರಪುರ ರಾಯಚೂರು ಸೀಮೆಗಳ ತಗ್ಗಿಗೆ ಇಳಿಯುವಲ್ಲಿ ಸುಮಾರು 3 ಮೈಲಿಗಳ ಅಂತರದೊಳಗೆ 408 ಅಡಿ ಕೆಳಕ್ಕೆ ಬೀಳುವುದೆಂದು ಹಳೆಯ ಗ್ಯಾಸೆಟಿಯರುಗಳು ಹೇಳುತ್ತವೆ. ಲಿಂಗಸುಗೂರು ತಾಲ್ಲೂಕಿನ ಜಲದುರ್ಗದ ಕೋಟೆಯು ಈ ಭಾಗದಲ್ಲಿಯೇ, ಕವಲೊಡೆದ ಹೊಳೆಯ ನಡುವಣ ಗಡ್ಡೆಯ ಮೇಲೆ ನಿಂತಿದೆ. ಕಾವೇರಿಯೂ ಮಳವಳ್ಳಿ ಕೊಳ್ಳೇಗಾಲಗಳ ನಡುವೆ ಹೀಗೆಯೇ ಎರಡಾಗಿ ಸೀಳಿ, ಶಿವನಸಮುದ್ರವೆಂಬ ನಡುಗಡ್ಡೆಯನ್ನು ಬಳಸಿ, ಒಂದು ಕಡೆ ಗಗನಚುಕ್ಕಿಯೆಂದೂ ಇನ್ನೊಂದು ಕಡೆ ಭರಚುಕ್ಕಿಯೆಂದೂ ಹೆಸರು ಪಡೆದು ಧುಮುಕುತ್ತದೆ. ಎರಡು ಮಹಾನದಿಗಳು, ಎರಡು ನಡುಗಡ್ಡೆಗಳು, ಎರಡು ಪತನಗಳು. ಇಳಿತವೂ ಹೆಚ್ಚು ಕಡಿಮೆ ಸಮವೇ. ಆದರೆ ಕಾವೇರಿಯ ಪತನದಿಂದ 1902ರಲ್ಲಿಯೇ ವಿದ್ಯುತ್ತು ಹೊರಟಿತು. ಕೃಷ್ಣೆಯದು ಮುಂದೆಯೂ ಬಹುಕಾಲ ಬರಿಯ ಘೋಷವಾಗಿಯೇ ಉಳಿಯಿತು. ಸುರಪುರ ಸೀಮೆಯಲ್ಲಿ ಹುಟ್ಟಿದವನಾದುದರಿಂದ ಈ ಭೇದವು ನನ್ನ ಮನಸ್ಸನ್ನು ಬಹಳ ದಿನಗಳಿಂದ ಕಾಡಿದೆ. ಅದರ ಕಾರಣವನ್ನು ವಿಚಾರಿಸುತ್ತ ಹೋದಾಗ ಶಿವನಸಮುದ್ರದ ಚರಿತ್ರೆಯಲ್ಲಿ ಸಾಮಾನ್ಯವಾಗಿ ಬರೆಯದೆ ಬಿಟ್ಟಿರುವ ಒಂದು ಭಾಗವು ಕಣ್ಣಿಗೆ ಬಿದ್ದಿತು. ಅದನ್ನು ವಾಚಕರ ಮುಂದಿಡುವುದೇ ಪ್ರಕೃತ ಲೇಖನದ ಉದ್ದೇಶವು.

ಮೊದಲು ಶಬ್ದದ ವಿಚಾರ. ಸಂಸ್ಕೃತ ಕೋಶಕಾರರು ನೀರಿನಿಂದ ಸುತ್ತುವರಿದ ನೆಲವನ್ನು ದ್ವೀಪವೆಂದೂ ಅಂತರೀಪವೆಂದೂ ಕರೆದರು. ಕನ್ನಡದಲ್ಲಿ ಕುರುವವೆಂಬ ಹಳೆಯ ಮಾತುಂಟು. ರಾಯಚೂರು ಸೀಮೆಯ ಕೃಷ್ಣೆಯೊಳಗಣ ಕುರುವಪುರದ ಹೆಸರಿನಲ್ಲಿ ಅದು ಇನ್ನೂ ಬದುಕಿದೆ. ನಮ್ಮ ಕಡೆಯ ಜನರು ಮಾತ್ರ ಗಡ್ಡಿ ಎನ್ನುತ್ತಾರೆ. ಸುರಪುರ ತಾಲ್ಲೂಕಿನ ನೀಲಕಂಠರಾಯನಗಡ್ಡಿಯು ಅಂತಹದೊಂದು ಊರು. ಅದರ ಪ್ರಸ್ತಾಪವು ಮುಂದೆ ಬರುವುದು.

ಶಿವನಸಮುದ್ರವು ಯಂತ್ರಗಳು ಬರುವುದಕ್ಕೆ ಮುಂಚೆಯೇ ಪ್ರಸಿದ್ಧವಾದ ಸ್ಥಳ. ಶ್ರೀರಂಗಪಟ್ಟಣದ ಆದಿರಂಗಕ್ಕೂ ಶ್ರೀರಂಗದ ಅಂತ್ಯರಂಗಕ್ಕೂ ನಡುವೆ ಮಧ್ಯರಂಗನ ಸನ್ನಿಧಿಯು ಇಲ್ಲಿಯೇ ಇದೆ. ಉಮ್ಮತ್ತೂರಿನ ಪಾಳೆಯಗಾರರಿಗೆ ಇದು ನೀರಿನ ಕೋಟೆಯಾಗಿತ್ತು. 16ನೆಯ ಶತಮಾನದ ಆರಂಭದಲ್ಲಿ ಕೃಷ್ಣದೇವರಾಯನು ಗಂಗರಾಜನನ್ನು ಸೋಲಿಸಿ ಇದನ್ನು ವಶಪಡಿಸಿಕೊಂಡನು. ಅನಂತರ ಊರು ಹಾಳಾಗಿ ಕಾಡು ಬೆಳೆದು, ಚಳಿಜ್ವರದ ನೆಲೆಯೆಂದು ಜನರು ಹೆದರುವಂತಾಯಿತು. 19ನೆಯ ಶತಮಾನದ ಪೂರ್ವಾರ್ಧದಲ್ಲಿ ರಾಮಸ್ವಾಮಿ ಮೊದಲಿಯಾರರು ಹಾಳುಬಿದ್ದ ಕಲ್ಲುಸೇತುವೆಗಳನ್ನು ಮತ್ತೆ ಕಟ್ಟಿಸಿ, ಯಾತ್ರಿಕರು ನಡುಗಡ್ಡೆಗೆ ಹೋಗಿ ಬರುವಂತೆ ಮಾಡಿದರು. ಸರಕಾರವು ಅವರನ್ನು ಜಾಗೀರುದಾರರನ್ನಾಗಿ ಮಾಡಿ ಜನೋಪಕಾರ ಕಾಮಕರ್ತರೆಂಬ ಬಿರುದನ್ನಿತ್ತಿತು. ವಿದ್ಯುತ್ತಿನ ಚರಿತ್ರೆಯಲ್ಲಿ ಇವರ ಮಾತೇಕೆಂದು ಕೆಲವರು ಕೇಳಬಹುದು. ದಾರಿಯಿಲ್ಲದ ಗಡ್ಡೆಗೆ ದಾರಿಯನ್ನು ಮಾಡಿದವರನ್ನು ಬಿಟ್ಟು ಅಲ್ಲಿಗೆ ಬಂದ ಯಂತ್ರದಿಂದ ಕಥೆಯನ್ನು ಆರಂಭಿಸುವುದು ನನಗೆ ಸರಿತೋರದು.

ಇನ್ನು ಪ್ರಸಿದ್ಧವಾದ ಭಾಗ. ಕೋಲಾರದ ಚಿನ್ನದ ಗಣಿಗಳಿಗೆ ಅಪಾರವಾದ ಶಕ್ತಿಯು ಬೇಕಾಗಿತ್ತು. ಹಬೆಯಂತ್ರಗಳಿಗೆ ಇಂಧನದ ವೆಚ್ಚವು ದುಸ್ಸಹವಾಗಿತ್ತು. ದಿವಾನ್ ಸರ್ ಕೆ. ಶೇಷಾದ್ರಿ ಅಯ್ಯರವರ ಕಾಲದಲ್ಲಿ ಇಂಜಿನಿಯರ್ ಜೋಲಿ ದ ಲಾಟ್‌ಬಿನಿಯೇರ್ ಎಂಬವರು 1899ರಲ್ಲಿ ಯೂರೋಪು ಅಮೆರಿಕಗಳಿಗೆ ಹೋಗಿ ಅಲ್ಲಿಯ ಜಲವಿದ್ಯುತ್ ಕಾರ್ಯಗಳನ್ನು ನೋಡಿಬಂದರು. ವಿದ್ಯುಜ್ಜನಕಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಿಂದಲೂ ನೀರಿನ ಚಕ್ರಗಳು ಸ್ವಿಟ್ಜರ್ಲೆಂಡಿನ ಎಷರ್ ವೀಸ್ ಕಂಪನಿಯಿಂದಲೂ ಬಂದವು. ಹೊಳೆಯ ನೀರನ್ನು ಪತನದ ಮೇಲುಗಡೆ ತಿರುಗಿಸಿ, ಕಾಲುವೆಯಲ್ಲಿ ತಂದು, ಕಬ್ಬಿಣದ ಕೊಳವೆಗಳ ಮೂಲಕ ಸುಮಾರು 400 ಅಡಿ ಕೆಳಗಿನ ಚಕ್ರಗಳ ಮೇಲೆ ಬಿಡುವುದೇ ಅಲ್ಲಿಯ ಕ್ರಮ. ವಿದ್ಯುದಾಗಾರವಿರುವುದು ನಡುಗಡ್ಡೆಯ ಮೇಲಲ್ಲ, ಗಗನಚುಕ್ಕಿಯ ಕಡೆಯ ಹೊರದಂಡೆಯ ಬುಡದಲ್ಲಿ ಎಂಬುದನ್ನು ಗಮನಿಸತಕ್ಕದ್ದು. ಉಪಾಧ್ಯಾಯರು ಸಹ ಇದರಲ್ಲಿ ಹಲವು ಬಾರಿ ತಪ್ಪುತ್ತಾರೆ. ತಲಾ 720 ಕಿಲೋವ್ಯಾಟಿನ 6 ಯಂತ್ರಗಳು 1902ನೆಯ ಇಸವಿ ಜೂನ್ 30ರಂದು ಕೋಲಾರಕ್ಕೆ ಶಕ್ತಿಯನ್ನು ಕಳುಹಿಸಲಾರಂಭಿಸಿದವು. 92 ಮೈಲಿಗಳ ಆ ತಂತಿಯ ಮಾರ್ಗವು ಆ ಕಾಲಕ್ಕೆ ಜಗತ್ತಿನ ಅತಿ ಉದ್ದವಾದ ಮಾರ್ಗಗಳಲ್ಲೊಂದು. ಶೇಷಾದ್ರಿ ಅಯ್ಯರವರು ಅದನ್ನು ನೋಡಲು ಉಳಿಯಲಿಲ್ಲ. 1901ರ ಸೆಪ್ಟೆಂಬರಿನಲ್ಲಿಯೇ ಕಾಲವಾಗಿದ್ದರು. 1905ರ ಆಗಸ್ಟ್ 5ರಂದು ಬೆಂಗಳೂರಿನ ಬೀದಿಗಳಿಗೆ ದೀಪವು ಬಂದಿತು. ಏಷ್ಯಾಖಂಡದಲ್ಲಿಯೇ ಮೊದಲನೆಯ ಜಲವಿದ್ಯುತ್ತು ಇದೆಂದು ಹೇಳುವ ವಾಡಿಕೆಯುಂಟು. ಅದು ಸಾಧುವಲ್ಲ; ದಾರ್ಜಿಲಿಂಗಿನ ಸಿದ್ರಪೊಂಗ್‌ನಲ್ಲಿ 1897ರಲ್ಲಿಯೇ ಸಣ್ಣದೊಂದು ಜಲವಿದ್ಯುದಾಗಾರವು ನಡೆಯುತ್ತಿದ್ದಿತು. ಶಿವನಸಮುದ್ರದ ಹಿರಿಮೆಗೆ ಇಂತಹ ಅತಿಶಯೋಕ್ತಿಯ ಊರುಗೋಲು ಬೇಕಾಗಿಲ್ಲ.

ನಮ್ಮ ಗ್ರಂಥಗಳಲ್ಲಿ ಕಥೆಯು ಇಷ್ಟಕ್ಕೆ ಮುಗಿಯುತ್ತದೆ. ದಿವಾನರು, ಇಂಜಿನಿಯರು, ಎರಡು ಕಂಪನಿಗಳು, ದೀಪ. ಬಂಡೆಯನ್ನು ಸೀಳಿ ಕಾಲುವೆಯನ್ನು ತೆಗೆದವರಾರು? ರೈಲು ಮುಟ್ಟದ ಆ ಕಣಿವೆಗೆ ಮಣಗಟ್ಟಲೆ ಭಾರದ ಕಬ್ಬಿಣವನ್ನು ಆನೆ, ಕುದುರೆ, ಎತ್ತಿನ ಗಾಡಿಗಳಿಂದ ಎಳೆಯಿಸಿ, ಕಡಿದಾದ ದಂಡೆಯಲ್ಲಿ ಹಗ್ಗ ಕಟ್ಟಿ ಇಳಿಸಿದವರಾರು? ಜ್ವರದ ಕಾಡಿನಲ್ಲಿ ಗುಡಿಸಲು ಹಾಕಿಕೊಂಡು ಎರಡು ವರ್ಷ ನಿಂತವರು ಈ ಜನರೇ ಹೊರತು ದಿವಾನರಲ್ಲ. ಇದೇ ಕಾವೇರಿಯ ಸೀಮೆಯ ಸೋಮನಾಥಪುರದಲ್ಲಿ 13ನೆಯ ಶತಮಾನದ ಶಿಲ್ಪಿ ಮಲ್ಲಿತಮ್ಮನು ತಾನು ಕಡೆದ ಹತ್ತಾರು ಮೂರ್ತಿಗಳ ಅಡಿಯಲ್ಲಿ ತನ್ನ ಹೆಸರನ್ನು ಕೆತ್ತಿದ್ದಾನೆ. ಮಾಡಿಸಿದ ದಂಡನಾಯಕನ ಹೆಸರಿನ ಜೊತೆಗೆ ಮಾಡಿದವನ ಹೆಸರೂ ಕಲ್ಲಿನಲ್ಲಿ ಉಳಿಯುವುದು ಹೊಯ್ಸಳರ ಕಾಲದಲ್ಲಿ ಸಾಧ್ಯವಾಗಿತ್ತು. ನಮ್ಮ ಸುರಪುರ ತಾಲ್ಲೂಕಿನ ಮುದನೂರಿನವನಾದ ದಾಸಿಮಯ್ಯನನ್ನು ಅವನ ಮಗ್ಗದ ಹೆಸರನ್ನು ಬಿಟ್ಟು ಯಾರೂ ಕರೆಯುವುದಿಲ್ಲ; ಅವನು ಜೇಡರ ದಾಸಿಮಯ್ಯನು, ಇನ್ನೊಬ್ಬನು ಅಂಬಿಗರ ಚೌಡಯ್ಯನು. ಕಾಯಕವನ್ನೇ ಹೆಸರಿಗೆ ಮುಂದೆ ಹಚ್ಚಿ ಗೌರವಿಸಿದ ಸಾಹಿತ್ಯವುಳ್ಳ ನಾಡಿನಲ್ಲಿ 20ನೆಯ ಶತಮಾನದ ಕಾಯಕದವರು ಅನಾಮಧೇಯರಾದುದು ವಿಚಿತ್ರವಾಗಿ ತೋರುತ್ತದೆ.

ಇಲ್ಲಿ ಆತ್ಮಪ್ರಸ್ತಾವಕ್ಕಾಗಿ ವಾಚಕರು ಕ್ಷಮಿಸಬೇಕು. ನಾನು ಸಂಸ್ಕೃತ ಪಾಠಶಾಲೆಯಲ್ಲಿ ಓದುತ್ತಿದ್ದಾಗ ಒಂದು ಮಳೆಗಾಲದ ಸಂಜೆ ದೀಪವು ಆರಿತು. ನಾವು ಕತ್ತಲೆಯಲ್ಲಿಯೇ ಅಮರಕೋಶವನ್ನು ಒಪ್ಪಿಸುತ್ತಿದ್ದೆವು. ಮಳೆ ನಿಲ್ಲಲೆಂದು ಜಗುಲಿಯ ಮೇಲೆ ಕುಳಿತಿದ್ದ ಲೈನ್‌ಮನ್ ಒಬ್ಬರು ಕೇಳಿಸಿಕೊಳ್ಳುತ್ತಿದ್ದರು. ಶಂಪಾ, ಕ್ಷಣಪ್ರಭಾ, ಸೌದಾಮಿನೀ, ಚಂಚಲಾ ಎಂದು ಮಿಂಚಿಗೆ ಹತ್ತು ಹೆಸರುಗಳನ್ನು ಹೇಳಿ ಮುಗಿಸುವಷ್ಟರಲ್ಲಿ ಅವರು, “ಏನ್ರಿ ಶಾಸ್ತ್ರಿಗಳ, ಮಿಂಚಿಗೆ ಇಷ್ಟು ಹೆಸರು ಅದಾವು. ಕಂಬ ಹತ್ತಿ ಅದನ್ನ ತರಾಂವಗ ನಿಮ್ಮ ಪುಸ್ತಕದಾಗ ಏನಂತಾರ್ರಿ?” ಎಂದರು. ನಮ್ಮ ಗುರುಗಳು ನಕ್ಕರು, ಉತ್ತರವನ್ನು ಹೇಳಲಿಲ್ಲ. ಕೋಶದ ಹೆಸರುಗಳಲ್ಲಿ ಕೆಲವು ಆ ವಸ್ತುವು ಕ್ಷಣಿಕವೆಂಬುದನ್ನೇ ಸಾರುತ್ತವೆ. ಕ್ಷಣಪ್ರಭೆಯು ಹಗಲಿರುಳೂ ನಿಲ್ಲುವಂತೆ ಮಾಡಿದವರಿಗೆ ಕೋಶಕಾರನು ಹೆಸರಿಡಲಾರದೆ ಹೋದುದು ಸಹಜ. ಇತಿಹಾಸಕಾರರಿಗೆ ಆ ನೆವವಿಲ್ಲ.

ವಿದ್ಯುದಾಗಾರದ ಕೆಲಸವು ಕಟ್ಟಿ ಮುಗಿಸಿದ ಮೇಲೆ ಮುಗಿಯುವಂತಹದಲ್ಲ. ಸೇತುವೆಯನ್ನು ಕಟ್ಟಿದವನು ಮನೆಗೆ ಹೋಗಬಹುದು, ಇಲ್ಲಿ ಹಾಗಿಲ್ಲ. ಹೊಳೆ ತುಂಬಿದಾಗ ಕಾಲುವೆಯ ಬಾಯಿಯ ಜಾಲರಿಗೆ ಕೊಂಬೆ ಕಸಗಳು ಬಂದು ಕವಿಯುತ್ತವೆ. ಅವನ್ನು ಒಬ್ಬನು ನಡುರಾತ್ರಿಯಲ್ಲಿಯೂ ಎಳೆದು ತೆಗೆಯಬೇಕು. ಯಂತ್ರದ ಅಚ್ಚಿಗೆ ಎಣ್ಣೆಯು ತಪ್ಪದಂತೆ ಒಬ್ಬನು ಕಾಯಬೇಕು. ಮಾಪಕಗಳ ಮುಳ್ಳನ್ನು ಒಬ್ಬನು ಎವೆಯಿಕ್ಕದೆ ನೋಡುತ್ತಿರಬೇಕು. 92 ಮೈಲಿಗಳುದ್ದಕ್ಕೂ ತಂತಿಯ ಮೇಲೆ ಮರ ಬಿದ್ದಿದೆಯೇ ಎಂದು ಕಾಡುಗುಡ್ಡಗಳಲ್ಲಿ ನಡೆದು ನೋಡುವವರು ಬೇರೆ. ಇವರಲ್ಲಿ ಒಬ್ಬನು ತೂಕಡಿಸಿದರೆ ಕೋಲಾರದಲ್ಲಿ ನೆಲದ ಅಡಿಯಲ್ಲಿರುವವನಿಗೆ ಸಂಕಟ. ಆರಂಭದಲ್ಲಿ ಯಂತ್ರಜ್ಞರು ಪರದೇಶದವರು, ಅಮೆರಿಕದ ಎಚ್. ಪಿ. ಗಿಬ್ಸ್ ಇಲ್ಲಿ ಮುಖ್ಯ ವಿದ್ಯುತ್ ಇಂಜಿನಿಯರಾಗಿದ್ದು ಮುಂದೆ ಟಾಟಾರವರ ಜಲವಿದ್ಯುತ್ ಕಂಪನಿಗೆ ಹೋದರು. ಅವರು ಹೋದ ಮೇಲೂ ಯಂತ್ರಗಳು ತಿರುಗಿದವು. ನಾಡಿನವರ ಕೈಗಳು ಅಷ್ಟರಲ್ಲಿ ವಿದ್ಯೆಯನ್ನು ಹಿಡಿದಿದ್ದುವು. ಶಾಲೆಯ ಪುಸ್ತಕಕ್ಕಿಂತ ಹೆಚ್ಚಾಗಿ ಒಬ್ಬನ ಪಕ್ಕದಲ್ಲಿ ಇನ್ನೊಬ್ಬನು ನಿಂತು ಕಲಿತ ವಿದ್ಯೆಯದು; ನಮ್ಮ ಗುರುಕುಲದ ಕ್ರಮಕ್ಕೆ ಇದಕ್ಕಿಂತ ಸಮೀಪವಾದ ಆಧುನಿಕ ನಿದರ್ಶನವು ನನಗೆ ತೋರಲಿಲ್ಲ.

ಈ ಜನರಿಂದ ಅಲ್ಲೊಂದು ಊರೇ ಹುಟ್ಟಿತು. ಕಡಿದಾದ ದಂಡೆಗೆ ಇಂಗ್ಲಿಷಿನವರು ಇಟ್ಟ ಬ್ಲಫ್ ಎಂಬ ಹೆಸರು ಕನ್ನಡಿಗರ ಬಾಯಲ್ಲಿ ಊರಿನ ಹೆಸರಾಗಿ ನಿಂತಿತು. ಕೆಲಸಗಾರರ ನುಡಿಯಲ್ಲಿ ಪರಭಾಷೆಯ ಶಬ್ದವು ಹೇಗೆ ನೆಲಕ್ಕೆ ಬೇರುಬಿಡುವುದೆಂಬುದಕ್ಕೆ ಸ್ಥಳನಾಮಗಳ ಶೋಧಕರು ಇದನ್ನು ಉದಾಹರಿಸಬಹುದು. ಆದರೆ ಶಕ್ತಿಯ ಹಂಚಿಕೆಯಲ್ಲಿ ನೆರೆಯವರಿಗೆ ಮೊದಲ ಪಾಲು ದೊರೆಯಲಿಲ್ಲ. ಮೊದಲು ಗಣಿ, ಅನಂತರ ಬೆಂಗಳೂರು, 1908ರಲ್ಲಿ ಮೈಸೂರು. ಪತನದ ಸದ್ದನ್ನು ಕೇಳುತ್ತ ಮಲಗುವ ಹಳ್ಳಿಗಳ ಸರದಿ ಇವೆಲ್ಲವುಗಳ ಹಿಂದೆ. ತಂತಿಯ ಆಚೆಯ ತುದಿಯಲ್ಲಿಯೂ ಕೆಲಸಗಾರನ ಗುರುತು ಹೆಸರಾಗಿ ಉಳಿಯಲಿಲ್ಲ: 1930ರ ಏಪ್ರಿಲಿನಲ್ಲಿ ಕೋಲಾರದ ಗಣಿಯವರು ತಮ್ಮ ಹೆಬ್ಬೆಟ್ಟಿನ ಗುರುತನ್ನು ದಾಖಲೆ ಮಾಡಿಸುವ ಕಟ್ಟಳೆಯನ್ನು ವಿರೋಧಿಸಿ ವಾರಗಟ್ಟಲೆ ಕೆಲಸ ನಿಲ್ಲಿಸಿದರು. ಬೇಸಗೆಯಲ್ಲಿ ಕಾವೇರಿಯು ಸೊರಗಿದಾಗ ಶಕ್ತಿಯೂ ಸೊರಗುತ್ತಿದ್ದುದರಿಂದ 1911ರಲ್ಲಿ ಕನ್ನಂಬಾಡಿಯ ಕಟ್ಟೆಯ ಕೆಲಸವು ಆರಂಭವಾಯಿತು. ಆ ಕಟ್ಟೆಯ ಉದ್ದೇಶಗಳಲ್ಲಿ ಬೇಸಾಯದಂತೆ ಶಿವನಸಮುದ್ರದ ಯಂತ್ರಗಳಿಗೆ ನೀರು ತಪ್ಪದಂತೆ ಮಾಡುವುದೂ ಒಂದಾಗಿತ್ತು.

ಈಗ ಮೊದಲಿನ ಪ್ರಶ್ನೆಗೆ ಬರುವೆನು. ಕೃಷ್ಣೆಯ ಪತನವೇಕೆ ಸುಮ್ಮನಿದ್ದಿತು? ಬೇಸಗೆಯಲ್ಲಿ ಹೊಳೆ ಬತ್ತುವುದು ಕಾರಣವೆನ್ನೋಣವೆಂದರೆ ಕಾವೇರಿಯೂ ಬತ್ತುತ್ತಿತ್ತು. ಕೊಳ್ಳುವವರಿಲ್ಲವೆನ್ನೋಣವೆಂದರೆ ಜಲದುರ್ಗವಿರುವ ಲಿಂಗಸುಗೂರು ತಾಲ್ಲೂಕಿನಲ್ಲಿಯೇ ಹಟ್ಟಿಯ ಚಿನ್ನದ ಗಣಿಯಿದ್ದು, 20ನೆಯ ಶತಮಾನದ ಆದಿಯಲ್ಲಿ ಅಲ್ಲಿಯೂ ಕೆಲಸ ನಡೆದು 1920ರ ಹೊತ್ತಿಗೆ ನಿಂತಿತು. ಎರಡು ದಂಡೆಗಳಲ್ಲಿ ಎರಡು ಸರಕಾರಗಳಿದ್ದುವೆನ್ನುವಂತೆಯೂ ಇಲ್ಲ. 1860ರಲ್ಲಿಯೇ ಸುರಪುರವೂ ರಾಯಚೂರು ಸೀಮೆಯೂ ನಿಜಾಮರ ಆಳ್ವಿಕೆಗೆ ಸೇರಿದ್ದುವು. ನೀರಿತ್ತು, ಇಳಿತವಿತ್ತು, ಚಿನ್ನವಿತ್ತು. ಇಲ್ಲದ್ದು ದೂರದ ಲಾಭಕ್ಕಾಗಿ ಹಣವನ್ನು ತೊಡಗಿಸುವ ಸರಕಾರದ ನಿಶ್ಚಯ. ಅದರೊಡನೆ, ಯಂತ್ರವನ್ನು ಹಿಡಿದು ನಿಲ್ಲುವ ಕೈಗಳನ್ನು ಬೆಳೆಯಿಸುವ ವ್ಯವಸ್ಥೆ. ಮೊದಲನೆಯದನ್ನು ಎಲ್ಲರೂ ಹೇಳುತ್ತಾರೆ. ಎರಡನೆಯದಕ್ಕೂ ಅಷ್ಟೇ ತೂಕವುಂಟೆಂಬುದು ನನ್ನ ಅಭಿಪ್ರಾಯ.

ಕೃಷ್ಣೆಗೆ ನಾರಾಯಣಪುರದಲ್ಲಿ 1982ರ ಹೊತ್ತಿಗೆ ಕಟ್ಟೆಯಾಯಿತು. ಆಲಮಟ್ಟಿಯಲ್ಲಿ 290 ಮೆಗಾವ್ಯಾಟಿನ ವಿದ್ಯುದಾಗಾರವು 21ನೆಯ ಶತಮಾನದ ಮೊದಲ ವರ್ಷಗಳಲ್ಲಿ ಎದ್ದಿತು. ಶಿವನಸಮುದ್ರದ ಈಗಿನ ಸಾಮರ್ಥ್ಯವು 42 ಮೆಗಾವ್ಯಾಟ್ ಮಾತ್ರ. ಆದರೂ ಕಟ್ಟೆಯಿಂದ ನೀರು ಬಿಟ್ಟಾಗ ಹೊರಲೋಕದ ಸಂಬಂಧವನ್ನು ಕಳೆದುಕೊಳ್ಳುವ ಸಂಕಟವು ನೀಲಕಂಠರಾಯನಗಡ್ಡಿಗೆ ಬಂದಿತು. 2014ರ ಮಳೆಗಾಲದಲ್ಲಿ ಆ ಊರಿನ ತುಂಬುಗರ್ಭಿಣಿಯೊಬ್ಬಳು ಒಣಗಿದ ಸೋರೆಬುರುಡೆಗಳನ್ನು ಮೈಗೆ ಕಟ್ಟಿಕೊಂಡು, ತುಂಬಿದ ಹೊಳೆಯನ್ನು ಬಂಧುಗಳೊಡನೆ ಈಜಿ ಆಸ್ಪತ್ರೆಯ ಕಡೆಯ ದಂಡೆಯನ್ನು ಸೇರಿದುದು ಪತ್ರಿಕೆಗಳಲ್ಲಿ ಬಂದು ದೇಶವೆಲ್ಲ ಓದಿತು. ರಾಮಸ್ವಾಮಿ ಮೊದಲಿಯಾರರ ಸೇತುವೆಗಳ ಬೆಲೆಯು ನನಗೆ ಆ ಸುದ್ದಿಯನ್ನು ಓದಿದ ದಿನ ತಿಳಿಯಿತು.

ನಮ್ಮ ಯಾದಗಿರಿ, ಶಹಾಪುರ, ಸುರಪುರ ಸೀಮೆಗಳಿಗೆ ದೀಪವನ್ನು ಒದಗಿಸುವ ಭಾರವು 2002ರಿಂದ ಕಲಬುರಗಿಯಲ್ಲಿ ಕೇಂದ್ರವುಳ್ಳ ಜೆಸ್ಕಾಂ ಸಂಸ್ಥೆಯದು. ಹೊಳೆದಂಡೆಯ ಹಳ್ಳಿಗಳಲ್ಲಿ ಗಾಳಿಮಳೆಗೆ ಕಂಬ ಬಿದ್ದರೆ ಬರುವ ಲೈನ್‌ಮನ್ ಒಬ್ಬನೇ. ಗುಂಡಿ ತೋಡುವವರೂ ಹಗ್ಗ ಹಿಡಿದು ಕಂಬ ಎಬ್ಬಿಸುವವರೂ ಆ ಊರಿನವರೇ. ಕೆಲಸವಾದ ಮೇಲೆ ಯಾರದೋ ಮನೆಯ ರೊಟ್ಟಿ ಬರುತ್ತದೆ. ಇದನ್ನು ನಾನು ಅನೇಕ ಸಲ ಕಣ್ಣಾರೆ ನೋಡಿದ್ದೇನೆ. ಶಿವನಸಮುದ್ರದ ಕಾಲುವೆಯ ಕಾಲದಲ್ಲಿಯೂ ನೆರೆಯ ಹಳ್ಳಿಗಳ ಗಾಡಿ ಎತ್ತುಗಳಿಲ್ಲದೆ ಯಾವ ಕೆಲಸವೂ ಸಾಗಿರಲಾರದೆಂದು ಊಹಿಸಲು ಇದು ಸಾಕು.

ಹಳೆಯ ಹಾಜರಿ ಪುಸ್ತಕಗಳು, ಕೂಲಿಯ ಚೀಟಿಗಳು, ತಾತಂದಿರಿಗೆ ಬಂದ ಬಡ್ತಿಯ ಕಾಗದಗಳು, ಗೋಡೆಗೆ ತೂಗುಹಾಕಿದ ಚಿತ್ರಪಟಗಳು ಮಳವಳ್ಳಿ ಕೊಳ್ಳೇಗಾಲಗಳ ಕಡೆಯ ಮನೆಗಳಲ್ಲಿ ಇದ್ದರೆ ಅವನ್ನು ಗೆದ್ದಲಿಗೆ ಬಿಡದೆ ಪ್ರತಿ ಮಾಡಿಸಿಕೊಳ್ಳಬೇಕು. ಅಲ್ಲಿಯ ಶಾಲೆಗಳ ಉಪಾಧ್ಯಾಯರಿಂದ ಈ ಕೆಲಸವು ಸುಲಭವಾಗಿ ಆಗತಕ್ಕದ್ದು. ಅಂತಹ ಸಾಮಗ್ರಿಯುಳ್ಳವರು ಪತ್ರಿಕೆಯ ಸಂಪಾದಕರಿಗೆ ತಿಳಿಸಿದರೆ, ಹೆಸರುಗಳ ಒಂದು ಪಟ್ಟಿಯನ್ನು ಸಿದ್ಧಪಡಿಸುವ ಭಾರವನ್ನು ನಾನು ಹೊರುವೆನು.