ಗರ್ಭಿಣಿ ಕ್ರೋಶಾ ಹಾಕಿದರೆ ಮಗುವಿನ ಕೊರಳಿಗೆ ಹೊಕ್ಕುಳಬಳ್ಳಿ ಸುತ್ತಿಕೊಳ್ಳುತ್ತದೆಯೇ?

ಬಸುರಿಯಾದವಳು ಕ್ರೋಶಾ ಕಡ್ಡಿ ಹಿಡಿಯಬಾರದು, ದಾರ ಸುತ್ತಬಾರದು, ಸುತ್ತಿದರೆ ಹೊಟ್ಟೆಯಲ್ಲಿರುವ ಮಗುವಿನ ಕೊರಳಿಗೆ ಹೊಕ್ಕುಳಬಳ್ಳಿ ಸುತ್ತಿಕೊಳ್ಳುತ್ತದೆ. ಹಿರಿಯರ ಬಾಯಲ್ಲಿದ್ದ ಈ ಮಾತು ಈಗ ಫ್ಯಾಮಿಲಿ ಗ್ರೂಪಿನ ಫಾರ್ವರ್ಡ್ ಆಗಿ ನಿಮಗೂ ಬಂದಿರಬಹುದು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆ ಡಿಸೆಂಬರ್, ಜನವರಿಯ ಚಳಿ ಚೆನ್ನಾಗಿಯೇ ಇರುತ್ತದೆ. ಹಾಸನ ಊರೇ ಸಮುದ್ರಮಟ್ಟದಿಂದ 900 ಮೀಟರ್‌ಗೂ ಎತ್ತರದಲ್ಲಿದೆ. ಹುಟ್ಟಲಿರುವ ಕೂಸಿಗೆ ಕುಲಾವಿ, ಸಾಕ್ಸು, ಸ್ವೆಟರ್ ಹೆಣೆಯಲು ಕೂತವಳಿಗೆ ಇಂಥ ಒಂದು ಮೆಸೇಜ್ ಬಂದರೆ ಸಾಕು, ಅರ್ಧ ಹಾಕಿದ ಟೋಪಿ ಪೆಟ್ಟಿಗೆ ಸೇರುತ್ತದೆ. ಅಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಹೆರಿಗೆಯಲ್ಲಿ ಏನಾದರೂ ತೊಡಕಾದಾಗ 'ಬೇಡ ಅಂದರೂ ಕೇಳಲಿಲ್ಲ' ಎಂಬ ಮಾತು ತಾಯಿಯ ಮೇಲೇ ಬೀಳುತ್ತದೆ. ಹಾಗಾಗಿ ಇದನ್ನು ಬಿಡಿಸಿ ನೋಡೋಣ.

ಬಳ್ಳಿ ಸುತ್ತಿಕೊಳ್ಳುವುದು ಹೇಗೆ?

ಹೊಕ್ಕುಳಬಳ್ಳಿ ಸಾಮಾನ್ಯವಾಗಿ 50ರಿಂದ 60 ಸೆಂಟಿಮೀಟರ್ ಉದ್ದ. ನೀರಿನ ಚೀಲದೊಳಗೆ ಮಗು ತಿರುಗುತ್ತದೆ, ಮಗುಚುತ್ತದೆ, ಆಗ ಬಳ್ಳಿ ಕೊರಳಿಗೋ ಕಾಲಿಗೋ ಸುತ್ತಿಕೊಳ್ಳುತ್ತದೆ, ಎಷ್ಟೋ ಸಲ ತಾನಾಗಿಯೇ ಬಿಚ್ಚಿಕೊಳ್ಳುತ್ತದೆ. ಹೆರಿಗೆಯ ಹೊತ್ತಿಗೆ ನೂರರಲ್ಲಿ 20ರಿಂದ 30 ಮಕ್ಕಳ ಕೊರಳಲ್ಲಿ ಬಳ್ಳಿ ಇರುವುದುಂಟು. ಜೀವಮಾನದಲ್ಲಿ ಸೂಜಿ ಮುಟ್ಟದ ತಾಯಂದಿರ ಮಕ್ಕಳೂ ಇದರಲ್ಲಿ ಸೇರಿದ್ದಾರೆ. ಬಹುಪಾಲು ಮಕ್ಕಳಿಗೆ ಇದರಿಂದ ತೊಂದರೆಯಾಗುವುದಿಲ್ಲ. ಗರ್ಭದಲ್ಲಿ ಮಗು ಉಸಿರಾಡುವುದು ಗಂಟಲಿನಿಂದಲ್ಲ, ಆಮ್ಲಜನಕ ಬರುವುದು ಬಳ್ಳಿಯ ರಕ್ತದಿಂದ. ಬಳ್ಳಿಯ ರಕ್ತನಾಳಗಳ ಸುತ್ತ ಲೋಳೆಯಂಥ ಮೆತ್ತೆಯೂ ಇರುತ್ತದೆ. ಬಳ್ಳಿ ಬಿಗಿಯಾಗಿ ಎದೆಬಡಿತ ಇಳಿದರೆ ಅದನ್ನು ಗಮನಿಸುವುದು ವೈದ್ಯರ ಕೆಲಸ. ತಾಯಿಯ ಕೈಯಲ್ಲಿರುವ ದಾರಕ್ಕೂ ಇದಕ್ಕೂ ಸಂಬಂಧವಿಲ್ಲ.

ಇದರ ಜೊತೆಗೇ ಬರುವ ಇನ್ನೊಂದು ಮಾತು: ಗ್ರಹಣದಲ್ಲಿ ಸೂಜಿ ಹಿಡಿದರೆ ಮಗುವಿಗೆ ಸೀಳುತುಟಿ. ತುಟಿ ಕೂಡಿಕೊಳ್ಳುವುದು ಗರ್ಭದ 4ರಿಂದ 7ನೇ ವಾರದೊಳಗೆ. ಸೀಮಂತ ಮುಗಿಸಿ ತವರಿಗೆ ಬಂದು ಹೆಣೆಯಲು ಕೂರುವಷ್ಟರಲ್ಲಿ ಆ ಕೆಲಸ ಎಂದೋ ಮುಗಿದಿರುತ್ತದೆ.

ಗರ್ಭಿಣಿಯರಿಗೆ ಹೆಣಿಗೆಯಿಂದ ಆಗಬಹುದಾದ ತೊಂದರೆ ಒಂದಿದೆ, ಅದು ಮಣಿಕಟ್ಟಿನದು. ಬಸಿರಿನಲ್ಲಿ ಕೈ ಬಾತುಕೊಂಡು ಅಲ್ಲಿನ ನರ ಒತ್ತಿ ಬೆರಳು ಜೋಮು ಹಿಡಿಯುವುದು ಸಾಮಾನ್ಯ. ಗಂಟೆಗಟ್ಟಲೆ ಒಂದೇ ಸಮನೆ ಹೆಣೆದರೆ ಇದು ಹೆಚ್ಚುತ್ತದೆ. ಆಗಾಗ ಕಡ್ಡಿ ಕೆಳಗಿಟ್ಟು ಕೈ ಸಡಿಲಿಸಿದರೆ ಒಳ್ಳೆಯದು.

ದಾರ ನಿಜವಾಗಿ ಸುತ್ತಿಕೊಳ್ಳುವ ಜಾಗ

ದಾರದ ಅಪಾಯ ಇರುವುದು ಮಗು ಹುಟ್ಟಿದ ಮೇಲೆ, ಸಾಕ್ಸಿನೊಳಗೆ. ಆ ಬಗ್ಗೆ ಫಾರ್ವರ್ಡ್ ನಮ್ಮ ಕಣ್ಣಿಗಂತೂ ಬಿದ್ದಿಲ್ಲ. ಸಾಕ್ಸು ಅಥವಾ ಕೈಚೀಲದ ಒಳಗೆ ಬಿಟ್ಟ ಸಡಿಲ ಎಳೆ ಮಗುವಿನ ಕಾಲ್ಬೆರಳಿಗೋ ಕೈಬೆರಳಿಗೋ ಸುತ್ತಿಕೊಳ್ಳುತ್ತದೆ. ಮಗು ಒದೆದಷ್ಟೂ ಎಳೆ ಬಿಗಿಯುತ್ತದೆ, ಬೆರಳು ಊದುತ್ತದೆ, ಊದಿದ ಚರ್ಮದಲ್ಲಿ ಎಳೆ ಹೂತು ಕಾಣದಂತಾಗುತ್ತದೆ. ವೈದ್ಯರು ಇದನ್ನು ಹೇರ್ ಟೂರ್ನಿಕೆಟ್ ಎನ್ನುತ್ತಾರೆ. ಹೆಸರಿನಲ್ಲೇ ಇರುವಂತೆ ತಲೆಗೂದಲೂ ಇದೇ ಕೆಲಸ ಮಾಡುತ್ತದೆ. ಹೆರಿಗೆಯಾದ ಎರಡು ಮೂರು ತಿಂಗಳಿಗೆ ಬಾಣಂತಿಯ ಕೂದಲು ಉದುರುವುದು ಹೆಚ್ಚು, ಅದು ಉಲ್ಲನ್ನಿಗೆ ಅಂಟಿಕೊಂಡು ಒಳಗೆ ಸೇರುತ್ತದೆ. ರಕ್ತ ಓಡಾಟ ನಿಂತರೆ ಬೆರಳೇ ಹೋಗಬಹುದು.

ಹಾಲು ಕುಡಿಸಿದರೂ, ಎತ್ತಿ ಆಡಿಸಿದರೂ ಮಗು ಅಳು ನಿಲ್ಲಿಸದಿದ್ದರೆ ದೃಷ್ಟಿ ತೆಗೆಯುವ ಮೊದಲು ಸಾಕ್ಸು ಬಿಚ್ಚಿ ಹತ್ತೂ ಬೆರಳು ನೋಡಿ. ಗಂಡುಮಗುವಾದರೆ ಡೈಪರ್ ಒಳಗೂ ನೋಡಿ. ಬೆರಳು ಕೆಂಪಾಗಿ ಅಥವಾ ನೀಲಿಯಾಗಿ ಊದಿದ್ದು ಎಳೆ ಸುಲಭವಾಗಿ ಬರದಿದ್ದರೆ ಕೆದಕಬೇಡಿ, ಕೂಡಲೇ ಆಸ್ಪತ್ರೆಗೆ ಹೋಗಿ. ಹೆಣೆಯುವವರು ಮಾಡಬೇಕಾದದ್ದು ಇಷ್ಟೇ: ಕೊನೆಯ ಎಳೆಯನ್ನು ಗಂಟು ಹಾಕಿ ಕತ್ತರಿಸಿ ಬಿಡದೆ ದಪ್ಪ ಸೂಜಿಯಲ್ಲಿ ಹೆಣಿಗೆಯೊಳಗೇ ಹಿಂದೆ ಮುಂದೆ ಪೋಣಿಸಿ. ಮಗುವಿನ ಬಟ್ಟೆಗೆ ಬೆರಳು ತೂರುವ ಜಾಲಿ ವಿನ್ಯಾಸ ಬೇಡ. ತೊಡಿಸುವ ಮುಂಚೆ ಒಳಮೈ ಹೊರಗೆ ಮಾಡಿ ಒಮ್ಮೆ ನೋಡಿ.

ಕುಲಾವಿಗೆ ಕೊರಳ ಕೆಳಗೆ ಕಟ್ಟುವ ಲಾಡಿ ಚಂದವೇ. ಆದರೆ ಲಾಡಿ ಕೊರಳಿಗೆ ಬಿಗಿಯಬಹುದು, ಕಿತ್ತುಬಂದ ಗುಂಡಿ ಗಂಟಲಲ್ಲಿ ಸಿಗಬಹುದು. ಎರಡೂ ಇಲ್ಲದ ಟೋಪಿಯೇ ಮೇಲು.

ಬೆಚ್ಚಗಿದ್ದಷ್ಟೂ ಒಳ್ಳೆಯದೇ?

ಹುಟ್ಟಿದ ಕೂಡಲೇ ಮಗುವಿಗೆ ಟೋಪಿ ಬೇಕು. ತೂಕ ಕಡಿಮೆಯಿರುವ ಮಗುವಿಗೆ ವೈದ್ಯರು ಹೇಳುವಷ್ಟು ದಿನ ಬೇಕು. ಆರೋಗ್ಯವಾಗಿರುವ ಮಗುವಿಗೆ ಮನೆಯೊಳಗೆ ಮಲಗುವಾಗ ಟೋಪಿ ಬೇಡ ಎನ್ನುತ್ತದೆ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯ 2022ರ ಸಲಹೆ. ಮಗು ಮೈಶಾಖವನ್ನು ಹೆಚ್ಚಾಗಿ ಹೊರಹಾಕುವುದು ತಲೆಯಿಂದ. ತಲೆ ಮುಚ್ಚಿದರೆ ಮೈ ವಿಪರೀತ ಬಿಸಿಯಾಗಬಹುದು, ಟೋಪಿ ಜಾರಿ ಮೂಗು ಮುಚ್ಚಲೂಬಹುದು. ಅಂಗೈ ತಣ್ಣಗಿದೆ ಎಂದು ಇನ್ನೊಂದು ಸ್ವೆಟರ್ ಹಾಕಬೇಡಿ. ಕತ್ತಿನ ಹಿಂಭಾಗವನ್ನೋ ಎದೆಯನ್ನೋ ಮುಟ್ಟಿ ನೋಡಿ. ಅಲ್ಲಿ ಬೆವರಿದ್ದರೆ ಬಟ್ಟೆ ಜಾಸ್ತಿಯಾಗಿದೆ.

ನಾವು ಉಲ್ಲನ್ ಎನ್ನುವ ದಾರ ಹೆಚ್ಚಾಗಿ ಕುರಿಯ ಉಣ್ಣೆಯಲ್ಲ, ಅಕ್ರಿಲಿಕ್. ಒಗೆಯಲು ಸುಲಭ, ಬೆಲೆಯೂ ಕಡಿಮೆ. ಆದರೆ ಕಿಡಿ ತಾಗಿದರೆ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಬಾಣಂತಿ ಕೋಣೆಯಲ್ಲಿ ಅಗ್ಗಿಷ್ಟಿಕೆ ಇಟ್ಟು ಸಾಂಬ್ರಾಣಿ ಹೊಗೆ ಹಿಡಿಯುವ ಮನೆಗಳಲ್ಲಿ ಇದನ್ನು ನೆನಪಿಡಬೇಕು. (ಬಾಗಿಲು ಕಿಟಕಿ ಮುಚ್ಚಿದ ಕೋಣೆಯಲ್ಲಿ ಕೆಂಡ ಇಡುವುದೇ ಅಪಾಯ. ಇದ್ದಿಲಿನಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ.) ನಿಮ್ಮ ದಾರ ಯಾವುದೆಂದು ತಿಳಿಯಲು ಬೆರಳುದ್ದದ ತುಂಡನ್ನು ಇಕ್ಕಳದಲ್ಲಿ ಹಿಡಿದು ಮಗುವಿನಿಂದ ದೂರದಲ್ಲಿ ಸುಟ್ಟು ನೋಡಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ, ಪುಡಿಯಾಗುವ ಬೂದಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ. ಅಕ್ರಿಲಿಕ್ ಕರಗಿ ಗಟ್ಟಿ ಕರಿ ಮಣಿಯಾಗುತ್ತದೆ.