ಹಾಳೆಯೊಂದೇ ಅಂಗಡಿಯಾದ ಬಗೆ

ವರ್ತಕನು ಗಿರಾಕಿಯ ಮುಖವನ್ನೇ ಕಾಣದೆ, ಕೇವಲ ಪತ್ರಮುಖೇನ ಸರಕನ್ನು ವಿಕ್ರಯಿಸಬಹುದೆಂಬುದು ಇಂದು ಸಹಜವೆಂದು ತೋರಿದರೂ, 1872ರಲ್ಲಿ ಅಮೆರಿಕದ ಷಿಕಾಗೋ ನಗರದಲ್ಲಿ ಆರನ್ ಮಾಂಟ್ಗೊಮೆರಿ ವಾರ್ಡ್ ಎಂಬಾತನು ಆ ಉದ್ಯಮಕ್ಕೆ ಕೈಯಿಕ್ಕಿದಾಗ ಅದು ಸಾಹಸವೇ ಆಗಿದ್ದಿತು. ಹಿಂದಿನ ವರ್ಷ ನಗರವನ್ನು ದಹಿಸಿದ ಮಹಾಗ್ನಿಯಲ್ಲಿ ಆತನು ಕೂಡಿಟ್ಟಿದ್ದ ಸರಕು ಭಸ್ಮವಾಗಿದ್ದುದರಿಂದ, ಮಿತವ್ಯಯವು ಆತನಿಗೆ ತತ್ತ್ವವಾಗುವುದಕ್ಕೆ ಮೊದಲೇ ಅನಿವಾರ್ಯವಾಗಿದ್ದಿತು. 163 ವಸ್ತುಗಳ ಹೆಸರು ಬೆಲೆಗಳನ್ನುಳ್ಳ ಒಂದೇ ಹಾಳೆಯ ಪಟ್ಟಿಯೇ ಆತನ ಅಂಗಡಿ.

ಬೀದಿಯ ಮಳಿಗೆಗೆ ಬಾಡಿಗೆಯಿಲ್ಲ. ಊರೂರು ತಿರುಗುವ ಮಾರಾಟಗಾರನಿಗೆ ಸಂಬಳವಿಲ್ಲ. ನಗದು ವ್ಯವಹಾರವಾದುದರಿಂದ ಸಾಲ ಮುಳುಗುವ ಭಯವೂ ಇಲ್ಲ. ಪ್ರಚಾರದ ಭಾರವನ್ನು ‘ಗ್ರೇಂಜ್’ ಎಂಬ ರೈತಸಂಘದ ವಿಶ್ವಾಸವೇ ಬಹುಮಟ್ಟಿಗೆ ಹೊತ್ತಿತು. ಬಿಡಿಬಿಡಿಯಾಗಿ ಕಳುಹಿದರೆ ಸಾಗಣೆಯ ವೆಚ್ಚವು ಲಾಭವನ್ನೇ ನುಂಗುವುದೆಂದರಿತು, ನೆರೆಹೊರೆಯವರು ಕೂಡಿ ಒಟ್ಟಾಗಿ ಬೇಡಿಕೆ ಸಲ್ಲಿಸುವಂತೆ ಆತನು ಪ್ರೇರೇಪಿಸಿದನು. ನೆರೆಹೊರೆಯ ನಂಟನ್ನೇ ನೆಚ್ಚುವ ಇದೇ ಉಪಾಯವನ್ನು ಮುಂದೆ, ಪತ್ರಮುಖೇನವೇ ವ್ಯಾಪಾರ ನಡೆಸುತ್ತಿದ್ದ ಸಿಯರ್ಸ್ ಸಂಸ್ಥೆಯು ಅನ್ಯರೀತಿಯಲ್ಲಿ ಬಳಸಿ, 1905ರಲ್ಲಿ ಐಯೋವ ಪ್ರಾಂತದ ತನ್ನ ಹಳೆಯ ಗಿರಾಕಿಗಳಿಗೆ ತಲಾ 24 ಪಟ್ಟಿಗಳನ್ನು ಕಳುಹಿ, ಹಂಚುವ ಕಾರ್ಯವನ್ನು ಅವರಿಗೇ ಒಪ್ಪಿಸಿತು.

ಈ ವ್ಯಾಪಾರಕ್ಕೆ ಸರ್ಕಾರದ ಅಂಚೆಯೂ ನೆರವಾಯಿತು: 1896ರಲ್ಲಿ ಅಮೆರಿಕದ ಹಳ್ಳಿಯ ಮನೆಬಾಗಿಲಿಗೆ ಉಚಿತವಾಗಿ ಅಂಚೆ ತಲಪತೊಡಗಿತು. 1913ರಲ್ಲಿ ಸರ್ಕಾರಿ ಪಾರ್ಸಲ್ ವ್ಯವಸ್ಥೆಯೂ ಬಂದಿತು. ಆದರೆ ಎಲ್ಲಕ್ಕಿಂತ ಅಗ್ಗವಾದ ಸಾಧನ, ಮೆಚ್ಚದಿದ್ದರೆ ಹಣವನ್ನು ಹಿಂದಿರುಗಿಸುವೆನೆಂದು ವಾರ್ಡನು 1875ರಲ್ಲಿಯೇ ಕೊಟ್ಟ ವಚನ. ಕಾಣದ ಗಿರಾಕಿಯ ನಂಬಿಕೆಯನ್ನು ಉಳಿಸಿಕೊಂಡವನಿಗೆ ಹೊಸ ಗಿರಾಕಿಯನ್ನರಸುವ ವೆಚ್ಚವು ತಾನಾಗಿಯೇ ತಗ್ಗುವುದು.