ಮಲಗಲಿಕ್ಕೆ ಮಾತ್ರ ಇದ್ದ ಖೋಲಿ

ದುಡಿಯಲು ಮುಂಬಯಿಗೆ ಬಂದ ಕನ್ನಡಿಗರ ಬದುಕಿಗೆ ಒಂದು ಹಳೆಯ ಏರ್ಪಾಡಿದೆ. ಮಲಗಲಿಕ್ಕೆ ಖೋಲಿ, ಊಟಕ್ಕೆ ಹೋಟೆಲು ಅಥವಾ ಖಾನಾವಳಿ, ಕಾಯಿಲೆ ಬಿದ್ದರೆ ಊರು. ಇದನ್ನು ಯಾರೂ ಬರೆದಿಟ್ಟಿಲ್ಲ, ಆದರೆ ಎಲ್ಲರಿಗೂ ಗೊತ್ತು. 1982ರಲ್ಲಿ ಎಂ.ಕಾಂ. ಮುಗಿಸಿ ಬ್ಯಾಂಕಿನ ನೌಕರಿಗೆಂದು ನಾನು ಕಾರ್ಕಳದ ಕಡೆಯಿಂದ ಇಲ್ಲಿಗೆ ಬಂದಾಗ ಪರೇಲಿನ ಒಂದು ಚಾಳಿನಲ್ಲಿ ನಾವು ಏಳು ಮಂದಿ ಒಂದೇ ಖೋಲಿಯಲ್ಲಿದ್ದೆವು. ಇಬ್ಬರು ಹೋಟೆಲಿನವರು, ರಾತ್ರಿ ಒಂದು ಗಂಟೆಗೆ ಬರುವವರು. ಒಬ್ಬರಿಗೆ ಅಂಚೆ ಇಲಾಖೆಯಲ್ಲಿ ರಾತ್ರಿ ಪಾಳಿ. ಉಳಿದ ನಾವು ನಾಲ್ವರು ಬೆಳಿಗ್ಗೆ ಏಳೂವರೆಗೆ ಹೊರಬಿದ್ದರೆ ಮರಳುವುದು ರಾತ್ರಿಗೇ. ಏಳು ಮಂದಿಯೂ ಒಂದೇ ಹೊತ್ತಿಗೆ ಆ ಖೋಲಿಯಲ್ಲಿ ಎಚ್ಚರವಾಗಿದ್ದ ದಿನ ನನಗೆ ನೆನಪಿಲ್ಲ. ಹಾಗಿದ್ದಿದ್ದರೆ ಕೂರಲಿಕ್ಕೆ ಜಾಗ ಸಾಲುತ್ತಿರಲಿಲ್ಲ.

2020ರ ಮಾರ್ಚ್ 24ರ ರಾತ್ರಿ ಎಂಟು ಗಂಟೆಗೆ, ಇನ್ನು 21 ದಿನ ಎಲ್ಲರೂ ಮನೆಯೊಳಗೇ ಇರಬೇಕು ಎಂಬ ಘೋಷಣೆ ಆದಾಗ ಮುರಿದುಬಿದ್ದದ್ದು ಈ ಏರ್ಪಾಡು. ಮಲಗುವ ಖೋಲಿಯೇ ಅಡುಗೆಮನೆ, ಆಸ್ಪತ್ರೆ, ಊರು ಎಲ್ಲವೂ ಆಗಬೇಕಾಯಿತು. ಊರಿನಲ್ಲಿರುವ ನಮ್ಮವರಿಗೆ ಇದನ್ನು ಹೇಳಬೇಕು ಅಂತ ಬಹಳ ದಿನದಿಂದ ಮನಸ್ಸಿನಲ್ಲಿತ್ತು. ಯಾಕೆಂದರೆ ಆ ಮೇ ತಿಂಗಳಲ್ಲಿ ಇಲ್ಲಿಂದ ಸಾವಿರಾರು ಜನ ಗಡಿಯ ಕಡೆಗೆ ಹೊರಟದ್ದಕ್ಕೂ ಈ ಖೋಲಿಗೂ ಸಂಬಂಧವಿದೆ. ಅದು ತಿಳಿಯಬೇಕಾದರೆ ಸುಮಾರು ನೂರಿಪ್ಪತ್ತೈದು ವರ್ಷ ಹಿಂದಕ್ಕೆ ಹೋಗಬೇಕು.

1896ರ ಸೆಪ್ಟೆಂಬರಿನಲ್ಲಿ ಬಂದರಿನ ಪಕ್ಕದ ಮಾಂಡ್ವಿಯಲ್ಲಿ ಗೋವಾ ಮೂಲದ ವೈದ್ಯ ಡಾ. ಅಕಾಸಿಯೊ ವಿಯೆಗಸ್ ಅವರು ಪ್ಲೇಗನ್ನು ಗುರುತಿಸಿದರು. ರೋಗಿಗಳನ್ನು ಆರ್ಥರ್ ರಸ್ತೆಯ ಆಸ್ಪತ್ರೆಗೆ ಬಲವಂತವಾಗಿ ಒಯ್ಯತೊಡಗಿದಾಗ, ಅಕ್ಟೋಬರ್ ಕೊನೆಯಲ್ಲಿ ಮಿಲ್ ಕಾರ್ಮಿಕರ ಗುಂಪು ಆ ಆಸ್ಪತ್ರೆಯ ಮೇಲೇ ನುಗ್ಗಿತು. ಅದೇ ಆಸ್ಪತ್ರೆ ಇಂದಿನ ಕಸ್ತೂರಬಾ ಆಸ್ಪತ್ರೆ. 2020ರ ಮಾರ್ಚಿನಲ್ಲಿ ಮುಂಬಯಿಯ ಮೊದಲ ಕೊರೊನಾ ರೋಗಿಗಳನ್ನು ಸೇರಿಸಿದ್ದೂ ಅಲ್ಲಿಯೇ. ಕಾಯ್ದೆಯೂ ಅದೇ. ಪ್ಲೇಗಿಗಾಗಿ 1897ರ ಫೆಬ್ರವರಿಯಲ್ಲಿ ಬಂದ ಸಾಂಕ್ರಾಮಿಕ ರೋಗಗಳ ಕಾಯ್ದೆ ನಾಲ್ಕೇ ಕಲಮುಗಳ ಚಿಕ್ಕ ಕಾಯ್ದೆ. ಅಧಿಕಾರಿ ಏನು ಮಾಡಬಹುದು, ಮಾತು ಕೇಳದವನಿಗೆ ಏನು ಶಿಕ್ಷೆ ಎನ್ನುವುದೆಲ್ಲ ಅದರಲ್ಲಿದೆ. ಕೂಲಿ ನಿಂತವನಿಗೆ ಏನು ಕೊಡಬೇಕು ಎಂಬುದು ಮಾತ್ರ ಇಲ್ಲ. 2020ರ ಮಾರ್ಚ್ ಮಧ್ಯದಲ್ಲಿ ಮಹಾರಾಷ್ಟ್ರ ಸರಕಾರ ಜಾರಿಗೆ ತಂದದ್ದು ಇದೇ ಕಾಯ್ದೆಯನ್ನು.

ಆದರೆ ಒಂದು ದೊಡ್ಡ ವ್ಯತ್ಯಾಸವಿತ್ತು. 1897ರ ಮುಂಬಯಿಯಿಂದ ಹೊರಟುಹೋಗಬಹುದಿತ್ತು. ರೈಲು ನಿಲ್ಲಲಿಲ್ಲ, ಕರಾವಳಿಯ ಹಡಗೂ ನಿಲ್ಲಲಿಲ್ಲ. ನಿಲ್ದಾಣಗಳಲ್ಲಿ ವೈದ್ಯರ ತಪಾಸಣೆ ಇತ್ತು, ಅವಮಾನವೂ ಇತ್ತು, ಆದರೆ ದಾರಿ ಮುಚ್ಚಿರಲಿಲ್ಲ. 1891ರ ಜನಗಣತಿಯಂತೆ ಸುಮಾರು 8 ಲಕ್ಷ 20 ಸಾವಿರ ಜನರಿದ್ದ ನಗರದಿಂದ 1897ರ ಫೆಬ್ರವರಿಯ ಹೊತ್ತಿಗೆ ಹತ್ತಿರ ಹತ್ತಿರ ಅರ್ಧದಷ್ಟು ಜನ ಊರು ಸೇರಿದ್ದರು. ಕಾಮರ್ಸ್ ಓದಿದ ನನಗೆ ಬಹಳ ಕುತೂಹಲ ಹುಟ್ಟಿಸುವ ಸಂಗತಿ ಇದರ ಮುಂದಿನದು. ಮಿಲ್ಲುಗಳಲ್ಲಿ ಒಂದು ತಿಂಗಳ ಸಂಬಳವನ್ನು ಮುಂದಿನ ತಿಂಗಳ ಮಧ್ಯದವರೆಗೆ ಹಿಡಿದಿಟ್ಟುಕೊಳ್ಳುವ ಪದ್ಧತಿ ಇತ್ತು. ಪ್ಲೇಗಿನಲ್ಲಿ ಆಳು ಸಿಗದೆ ಅದು ಕುಸಿಯಿತು. ಉಳಿದಿದ್ದ ಕೆಲಸಗಾರರು ದಿನದ ಕೂಲಿ ದಿನವೇ ಬೇಕು ಅಂದರು, ಮಾಲೀಕರು ಕೊಟ್ಟರು. ಬೀದಿಯ ಮೂಲೆಗಳಲ್ಲಿ ನಿಂತು, ನಮ್ಮ ಮಿಲ್ಲಿಗೆ ಬನ್ನಿ, ಇಷ್ಟು ಕೊಡುತ್ತೇವೆ ಎಂದು ಪೈಪೋಟಿಯಲ್ಲಿ ಹರಾಜು ಕೂಗಿದರಂತೆ. ಹೊರಟುಹೋಗುವ ದಾರಿ ತೆರೆದಿದ್ದರಿಂದಲೇ ಉಳಿದವನಿಗೆ ಬೆಲೆ ಬಂತು.

ನಮ್ಮ ದಕ್ಷಿಣ ಕನ್ನಡ ಆಗ ಮದರಾಸು ಪ್ರಾಂತ್ಯದಲ್ಲಿತ್ತು. ಆ ಪ್ರಾಂತ್ಯದವರು ಮಾಡಿಕೊಂಡ ವ್ಯವಸ್ಥೆಗೆ ಪ್ಲೇಗ್ ಪಾಸ್‌ಪೋರ್ಟ್ ಎಂದು ಹೆಸರು. ರೋಗವಿದ್ದ ಊರಿನಿಂದ ಬಂದವನಿಗೆ ಒಂದು ಚೀಟಿ ಕೊಡುತ್ತಿದ್ದರು. ಅವನು ತಾನು ಹೋಗುವ ಊರಿನಲ್ಲಿ ಹತ್ತು ದಿನ, ದಿನಾಲೂ ಅಲ್ಲಿನ ಅಧಿಕಾರಿಗೆ ಮುಖ ತೋರಿಸಬೇಕು. ಬ್ರಿಟಿಷರನ್ನು ಹೊಗಳುವ ಉದ್ದೇಶ ನನಗಿಲ್ಲ. ಪುಣೆಯಲ್ಲಿ ಸೈನಿಕರನ್ನು ಮನೆಗಳೊಳಗೆ ನುಗ್ಗಿಸಿದವರೂ ಅವರೇ, ಅದರ ಫಲವಾಗಿ 1897ರ ಜೂನ್ 22ರಂದು ಚಾಫೇಕರ್ ಸಹೋದರರು ಪ್ಲೇಗ್ ಅಧಿಕಾರಿ ರ‍್ಯಾಂಡನ ಮೇಲೆ ಗುಂಡು ಹಾರಿಸಿದ್ದೂ ಎಲ್ಲರಿಗೆ ಗೊತ್ತಿದ್ದದ್ದೇ. ಆದರೂ ಈ ಚೀಟಿಯ ಪದ್ಧತಿಯಲ್ಲಿ ಮನುಷ್ಯನು ತನ್ನ ಮನೆಗೆ ಹೋಗುತ್ತಿದ್ದ, ನಿಗಾ ಅವನ ಹಿಂದೆ ಹೋಗುತ್ತಿತ್ತು.

ರೋಗವೂ ಹೋಯಿತೆನ್ನಿ. 1898ರಲ್ಲಿ ಹುಬ್ಬಳ್ಳಿ, ಅದೇ ಆಗಸ್ಟಿನಲ್ಲಿ ಬೆಂಗಳೂರು. ಬೆಂಗಳೂರಿನವರು ಹೆಮ್ಮೆಪಡುವ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ರೂಪುಗೊಂಡದ್ದು ಆ ಕಾಲದಲ್ಲಿ. ಮುಂಬಯಿಯಲ್ಲಿ ಅದೇ 1898ರಲ್ಲಿ ಸ್ಥಾಪನೆಯಾದ ಇಂಪ್ರೂವ್‌ಮೆಂಟ್ ಟ್ರಸ್ಟು ದಾದರ್-ಮಾಟುಂಗಾ ಬಡಾವಣೆಗಳನ್ನು ಗೆರೆ ಎಳೆದು ಕಟ್ಟಿತು. ಮೈಸೂರು ಅಸೋಸಿಯೇಷನ್ ಇರುವ, ಉಡುಪಿ ಊಟದ ಮನೆಗಳಿರುವ, ನಮ್ಮವರ ಹೃದಯಸ್ಥಾನವಾದ ಮಾಟುಂಗಾ ಒಂದು ಲೆಕ್ಕದಲ್ಲಿ ಪ್ಲೇಗಿನ ಕೂಸು. ಗಾಳಿ ಬೆಳಕಿನ ಈ ಮನೆಗಳು ಸಿಕ್ಕಿದ್ದು ಬಾಡಿಗೆ ಕೊಡಬಲ್ಲವರಿಗೆ. ಕೂಲಿಯವರ ಪಾಲಿಗೆ ಚಾಳೇ ಗತಿ. 1920ರ ದಶಕದಲ್ಲಿ ಸರಕಾರ ವರ್ಲಿ, ನಾಯಗಾಂವ್, ಡಿಲಾಯ್ಲ್ ರಸ್ತೆ, ಶಿವಡಿಗಳಲ್ಲಿ ಕಟ್ಟಿಸಿದ ಬಿ.ಡಿ.ಡಿ. ಚಾಳುಗಳು ಒಟ್ಟು 207. ಒಂದು ಖೋಲಿ 160 ಚದರ ಅಡಿ, ಶೌಚಾಲಯ ಮಹಡಿಗೆಲ್ಲ ಸೇರಿ. ಆ ಚಾಳುಗಳನ್ನು ಈಗ ಒಂದೊಂದಾಗಿ ಒಡೆದು ಬಹುಮಹಡಿ ಕಟ್ಟುತ್ತಿದ್ದಾರೆ.

ಖೋಲಿಯ ಅಳತೆಗೂ ಸಾವಿಗೂ ಇರುವ ನಂಟು 1918ರ ಇನ್‌ಫ್ಲುಯೆಂಜಾದಲ್ಲಿ ಅಂಕಿಗಳಲ್ಲೇ ಕಾಣಿಸಿತು. ಜೂನಿನಲ್ಲಿ ಬಂದರಿನ ಪೊಲೀಸರಿಂದ ಶುರುವಾದ ಆ ಜ್ವರ ಅಕ್ಟೋಬರ್ 6ರಂದು ಒಂದೇ ದಿನ ನಗರದಲ್ಲಿ 768 ಜನರನ್ನು ಬಲಿ ತೆಗೆದುಕೊಂಡಿತು. ಅಂದಿನ ದಾಖಲೆಯಲ್ಲಿ ‘ಕೆಳಜಾತಿ’ ಎಂದು ನಮೂದಾದ ಹಿಂದೂಗಳಲ್ಲಿ ಸತ್ತವರು ಸಾವಿರಕ್ಕೆ 61ಕ್ಕೂ ಹೆಚ್ಚು, ಉಳಿದ ಹಿಂದೂಗಳಲ್ಲಿ ಸುಮಾರು 19, ಯುರೋಪಿಯನ್ನರಲ್ಲಿ ಎಂಟು ಚಿಲ್ಲರೆ. ರೋಗ ಜಾತಿ ನೋಡುವುದಿಲ್ಲ ಅಂತ ಹೇಳುವವರು ಈ ಲೆಕ್ಕವನ್ನು ಒಮ್ಮೆ ನೋಡಬೇಕು.

ಇನ್ನು 2020. ನಾನು ನಿವೃತ್ತನಾಗಿ ಎರಡು ವರ್ಷವಾಗಿತ್ತು, ವಾಸ ಡೊಂಬಿವಲಿಯಲ್ಲಿ. ತಿಂಗಳ ಕೊನೆಗೆ ಪಿಂಚಣಿ ಖಾತೆಗೆ ಬೀಳುತ್ತಿತ್ತು. ನಮ್ಮ ಮನೆಯ ಕಷ್ಟ ಅಂದರೆ ಕುಚ್ಚಲಕ್ಕಿ ಮುಗಿದದ್ದು. ಮಂಗಳೂರು ಸ್ಟೋರಿನವನಿಗೆ ಲಾರಿ ಬರಲಿಲ್ಲ. ಬೆಳ್ತಿಗೆ ಅನ್ನದ ಗಂಜಿಗೆ ನಾಲಿಗೆ ಒಗ್ಗಿಸಿಕೊಂಡೆವು, ಅಷ್ಟೆ. ಲೋಕಲ್ ಗಾಡಿಯ ಸದ್ದಿಲ್ಲದೆ ಮೊದಲ ಕೆಲವು ರಾತ್ರಿ ನನ್ನ ಹೆಂಡತಿಗೆ ನಿದ್ದೆಯೇ ಬರಲಿಲ್ಲ. ಮಾರ್ಚ್ 22ರ ಮಧ್ಯರಾತ್ರಿ ನಿಂತ ಗಾಡಿ ಜೂನ್ 15ಕ್ಕೆ ಶುರುವಾದರೂ ಅದು ಆಸ್ಪತ್ರೆ, ಪಾಲಿಕೆ ಮುಂತಾದ ಅಗತ್ಯ ಸೇವೆಯವರಿಗೆ ಮಾತ್ರ. ಜನಸಾಮಾನ್ಯರು ಹತ್ತಲು 2021ರ ಫೆಬ್ರವರಿ ಬರಬೇಕಾಯಿತು, ಅದೂ ಹೊತ್ತು ಗೊತ್ತು ಮಾಡಿ.

ನಮ್ಮ ರಸ್ತೆಯ ಕೊನೆಯಲ್ಲಿ ಒಂದು ಉಡುಪಿ ಹೋಟೆಲಿದೆ. ಧಣಿಗಳು ಬ್ರಹ್ಮಕಲಶಕ್ಕೆಂದು ಮಾರ್ಚ್ ಮೊದಲ ವಾರವೇ ಊರಿಗೆ ಹೋದವರು ಅಲ್ಲಿಯೇ ಉಳಿದುಬಿಟ್ಟರು. ಹೋಟೆಲಿನ ಅಟ್ಟದಲ್ಲಿ ಒಂಬತ್ತು ಹುಡುಗರು. ನಾಲ್ವರು ಕುಂದಾಪುರದ ಕಡೆಯವರು, ಐವರು ಯಾದಗಿರಿಯವರು. ಅಟ್ಟದಲ್ಲಿ ನೆಟ್ಟಗೆ ನಿಲ್ಲಲಾಗುವುದಿಲ್ಲ, ಮಲಗಬಹುದು. ಶಟರ್ ಅರ್ಧ ಎಳೆದು, ಹಗಲೆಲ್ಲ ಖಾಲಿ ಮೇಜುಗಳ ನಡುವೆ ಕೂರುತ್ತಿದ್ದರು. ದಾಸ್ತಾನಿನಲ್ಲಿದ್ದ ಅಕ್ಕಿ, ಉದ್ದು ಅರೆದು ಮೂರು ವಾರ ಮೂರು ಹೊತ್ತೂ ಇಡ್ಲಿ. ಸಾಲದಾದಾಗ ನಮ್ಮ ಕಟ್ಟಡದ ಹೆಂಗಸರು ಸರದಿ ಹಾಕಿಕೊಂಡು ಚಪಾತಿ, ಪಲ್ಯ ಕಳುಹಿಸಿದರು. ಕೊಂಡುಹೋಗುವ ಕೆಲಸ ನನ್ನದು.

ಒಂದು ದಿನ ಆ ಹುಡುಗರ ಜೊತೆ ಕೂತು ಲೆಕ್ಕ ಹಾಕಿದೆ. ಸಂಬಳ 12 ಸಾವಿರ, ಅದರಲ್ಲಿ ಮನೆಗೆ 8 ಸಾವಿರ. ಆದರೆ ಅವನಿಗೆ ಸಿಗುತ್ತಿದ್ದದ್ದು ಬರೀ 12 ಸಾವಿರವಲ್ಲ. ಎರಡು ಊಟ, ತಿಂಡಿ, ಚಹಾ, ಮಲಗುವ ಜಾಗ ಎಲ್ಲ ಹೋಟೆಲಿನದ್ದೇ. ಸಂಬಳದ ಚೀಟಿಯಲ್ಲಿ ಕಾಣದ ಈ ಸಂಬಳದ ಮೇಲೆಯೇ ಮುಂಬಯಿಯ ಹೋಟೆಲ್ ಉದ್ಯಮ ನಿಂತಿರುವುದು. ಹೋಟೆಲು ಮುಚ್ಚಿದರೆ ಕೂಲಿ, ಅನ್ನ, ಸೂರು ಮೂರೂ ಒಂದೇ ದಿನ ಮುಚ್ಚುತ್ತವೆ. ಪೂರ್ತಿ ಸಂಬಳ ಕೊಡಿ, ಒಂದು ತಿಂಗಳ ಬಾಡಿಗೆ ಕೇಳಬೇಡಿ ಎಂದು ಕೇಂದ್ರ ಗೃಹ ಸಚಿವಾಲಯ ಮಾರ್ಚ್ 29ರಂದು ಆದೇಶ ಹೊರಡಿಸಿತ್ತು. ಮೇ ಮಧ್ಯದಲ್ಲಿ ಅದನ್ನು ವಾಪಸು ತೆಗೆದುಕೊಂಡರು. ಈ ಹುಡುಗರಿಗೆ ಮಾರ್ಚ್ ಪೂರ್ತಿ, ಏಪ್ರಿಲ್ ಅರ್ಧ ಬಂತು, ಮೇ ತಿಂಗಳದ್ದು ಇಲ್ಲ. ರಿಸರ್ವ್ ಬ್ಯಾಂಕು ಸಾಲದ ಕಂತುಗಳನ್ನು ಮೊದಲು ಮೂರು ತಿಂಗಳು, ಆಮೇಲೆ ಇನ್ನೂ ಮೂರು ತಿಂಗಳು ಮುಂದೂಡಿತಲ್ಲ, ಅದರ ಬಗ್ಗೆ ಒಬ್ಬ ಕೇಳಿದ. ಅವನ ಸಾಲ ಊರಿನ ಕೈಸಾಲ. ಅಲ್ಲಿಗೆ ರಿಸರ್ವ್ ಬ್ಯಾಂಕಿನ ಸುತ್ತೋಲೆ ಮುಟ್ಟುವುದಿಲ್ಲ.

ಇಲ್ಲಿ ಒಂದು ಮಾತು, ಬ್ಯಾಂಕಿನವನಾಗಿ. 1928ರಲ್ಲಿ ಉಡುಪಿಯಲ್ಲಿ ಸಿಂಡಿಕೇಟ್ ಬ್ಯಾಂಕಿನವರು ಪಿಗ್ಮಿ ಶುರುಮಾಡಿದ್ದು ದಿನಕ್ಕೆ ಎರಡಾಣೆ ಉಳಿಸುವವನಿಗಾಗಿ. ಏಜೆಂಟ್ ದಿನಾ ಬಾಗಿಲಿಗೆ ಬಂದು ತೆಗೆದುಕೊಂಡು ಹೋಗುವುದೇ ಅದರ ಜೀವ. ಮುಂಬಯಿಯ ಎಷ್ಟೋ ಹೋಟೆಲ್ ಹುಡುಗರ ತಂಗಿಯರ ಮದುವೆ ಪಿಗ್ಮಿಯಿಂದ ಆಗಿದೆ. ಅದೇ ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ, ನಮ್ಮ ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾದದ್ದು 2020ರ ಏಪ್ರಿಲ್ 1ರಂದು, ಬೀದಿಯಲ್ಲಿ ಒಬ್ಬ ನರಪಿಳ್ಳೆಯೂ ಇಲ್ಲದ ಹೊತ್ತಿನಲ್ಲಿ. ಊರಿನ ಎರಡು ಹೆಸರುಗಳು ಹೋದದ್ದನ್ನು ನಾವು ಮನೆಯೊಳಗೆ ಕೂತು ಟಿವಿಯಲ್ಲಿ ನೋಡಿದೆವು.

ಮೇ 1ರಿಂದ ಶ್ರಮಿಕ್ ರೈಲುಗಳು ಬಿಟ್ಟವು. ಕರ್ನಾಟಕಕ್ಕೆ ಹೋಗಬೇಕಾದರೆ ಸೇವಾಸಿಂಧುವಿನಲ್ಲಿ ಅರ್ಜಿ ಹಾಕಬೇಕು. ಒಂಬತ್ತು ಅರ್ಜಿಗಳನ್ನು ನಾನೇ ತುಂಬಿದೆ. ಅಷ್ಟರಲ್ಲಿ ಊರಿನ ಟಿವಿಗಳಲ್ಲಿ ಮುಂಬಯಿಯಿಂದ ಬಂದವರೇ ಕಂಟಕ ಎಂಬ ಮಾತು ಶುರುವಾಗಿತ್ತು. ಕೆ.ಆರ್. ಪೇಟೆ, ಉಡುಪಿ, ಕಲಬುರಗಿ, ಯಾದಗಿರಿಗಳಲ್ಲಿ ಮುಂಬಯಿಯಿಂದ ಹೋದವರಲ್ಲಿ ಸೋಂಕು ಕಂಡದ್ದು ನಿಜವೇ. ಮೇ 18ರಂದು ಕರ್ನಾಟಕ ಸರಕಾರ ಮಹಾರಾಷ್ಟ್ರ, ಗುಜರಾತ್, ತಮಿಳುನಾಡು, ಕೇರಳದಿಂದ ಬರುವವರಿಗೆ ತಿಂಗಳ ಕೊನೆಯವರೆಗೆ ಪ್ರವೇಶವಿಲ್ಲ ಎಂದಿತು.

“ಸಾಹೇಬ್ರ, ನಮ್ಮೂರಾಗ ನಮ್ಮನ್ನ ಒಳಗ ಬಿಡ್ತಾರೇನ್ರೀ?” ಅಂತ ಯಾದಗಿರಿಯ ಹುಡುಗ ಕೇಳಿದ.

“ಬಿಡದೆ ಏನು ಮಾರಾಯ, ಸ್ವಲ್ಪ ದಿನ ತಡಿ” ಅಂದೆ.

“ತಡೀತೀನ್ರೀ, ಆದ್ರ ಎಲ್ಲಿ ತಡೀಲಿ?”

ಊರಿನವರ ಹೆದರಿಕೆ ನನಗೆ ಅರ್ಥವಾಗುತ್ತದೆ. ಅಲ್ಲಿ ವಯಸ್ಸಾದವರಿದ್ದಾರೆ, ತಾಲ್ಲೂಕಿನ ಆಸ್ಪತ್ರೆಯಲ್ಲಿ ಹಾಸಿಗೆ ಎಷ್ಟೆಂದು ಅವರಿಗೆ ಗೊತ್ತು. ಆದರೆ ಮುಂಬಯಿಯವರು ರೋಗ ಹೊತ್ತುಕೊಂಡು ಓಡಿಬಂದರು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಓಡಿಹೋಗಬೇಕೆಂದಿದ್ದರೆ ಮಾರ್ಚಿನಲ್ಲೇ, ಸೋಂಕು ಕಡಿಮೆಯಿದ್ದಾಗ ಹೋಗುತ್ತಿದ್ದರು. ರೈಲು ನಿಲ್ಲಿಸಿ, ಒಂಬತ್ತು ಮಂದಿಗೊಂದು ಅಟ್ಟದಲ್ಲಿ ಹತ್ತಿರ ಹತ್ತಿರ ಎರಡು ತಿಂಗಳು ಕೂಡಿಹಾಕಿ, ಸೋಂಕು ಏರಿದ ಮೇಲೆ ಬಾಗಿಲು ತೆರೆದರೆ ಮತ್ತೇನಾಗುತ್ತದೆ?

ಜೂನಿನಲ್ಲಿ ಎಲ್ಲರೂ ಹೋದರು. ಯಾದಗಿರಿಯವರನ್ನು ಊರಿನ ಶಾಲೆಯಲ್ಲಿ ಇಟ್ಟರು. ಕಿಟಕಿಯಿಂದ ಅವ್ವ ರೊಟ್ಟಿ, ಪುಂಡಿಪಲ್ಯ ಕೊಟ್ಟುಹೋಗುತ್ತಾಳೆ ಅಂತ ಆ ಹುಡುಗ ಫೋನು ಮಾಡಿದ್ದ. ಎರಡು ತಿಂಗಳಲ್ಲಿ ಅವನು ನಕ್ಕದ್ದನ್ನು ಕೇಳಿದ್ದು ಅದೇ ಮೊದಲು.

ಮಹಾರಾಷ್ಟ್ರದಲ್ಲಿ ಹೋಟೆಲುಗಳು ಅರ್ಧ ಗಿರಾಕಿಗಳೊಂದಿಗೆ ಬಾಗಿಲು ತೆರೆದದ್ದು ಅಕ್ಟೋಬರ್ 5ಕ್ಕೆ. ಒಂಬತ್ತರಲ್ಲಿ ಐವರು ಮರಳಿದರು. ಕುಂದಾಪುರದ ಒಬ್ಬ ಊರಲ್ಲೇ ಹೆದ್ದಾರಿಯ ಬದಿ ಚಹಾದಂಗಡಿ ಇಟ್ಟಿದ್ದಾನೆ. 2021ರ ಏಪ್ರಿಲಿನಲ್ಲಿ ಮತ್ತೆ ನಿರ್ಬಂಧ ಬರುತ್ತದೆಂಬ ಸುದ್ದಿ ಹಬ್ಬಿದ ದಿನವೇ ಆ ಐವರೂ ಬಸ್ಸು ಹಿಡಿದರು, ಯಾರ ಘೋಷಣೆಗೂ ಕಾಯಲಿಲ್ಲ. ಈಗ ಆ ಅಟ್ಟದಲ್ಲಿ ಎಂಟು ಮಂದಿ ಮಲಗುತ್ತಾರೆ. ಹಳಬರು ಇಬ್ಬರೇ. ಕೆಲಸಕ್ಕೆ ಸೇರುವ ಮೊದಲು ಹೊಸ ಹುಡುಗರು ಧಣಿಗಳನ್ನು ಈಗ ಒಂದು ಪ್ರಶ್ನೆ ಕೇಳುತ್ತಾರಂತೆ: ಹೋಟೆಲು ಬಂದ್ ಆದರೆ ಊರಿಗೆ ಹೋಗುವ ಗಾಡಿಖರ್ಚು ಯಾರದ್ದು?